ಒಂಬತ್ತನೆಯದು

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಕೊನೆಯ ಶೆಡ್ಡು ನಮ್ಮದು.
ಹಾಲಿನ ಟ್ಯಾಂಕರು, ಕಾಕಂಬಿ ಟ್ಯಾಂಕರು,
ಪಂಚಾಯ್ತಿಯ ನೀರಿನ ಟ್ಯಾಂಕರು,
ಸೋರುವುದೆಲ್ಲ ಇಲ್ಲಿಗೇ ಬರುತ್ತದೆ.

ಒಂದು ದಿನ ಊಟದ ಹೊತ್ತಿಗೆ ತಬ್ರೇಜ್
ಫೋನು ತಂದು ಮುಖಕ್ಕೆ ಹಿಡಿದ.
ಎಲ್ಲಿಯದೋ ಕಡಲ ಕರೆ, ಗಾಳಿಗೆ ಮಲಗಿದ ಹುಲ್ಲು,
ನಡುವೆ ಸ್ಟೀಲಿನದೊಂದು ಹೊಗೆಗೂಡು.
"ರಾಕೆಟ್ಟಂತೆ ಅಣ್ಣ. ಇನ್ನೂ ಟೆಸ್ಟಿಂಗಂತೆ."
ಬೆರಳಲ್ಲಿ ಹಿಗ್ಗಿಸಿ ನೋಡಿದೆ.
ರಾಕೆಟ್ಟು ಕಾಣಲಿಲ್ಲ, ಬೆಸುಗೆ ಕಂಡಿತು.
ಸುತ್ತು ಸುತ್ತಿಗೂ ಒಂದು ಹೊಲಿಗೆ; ಮೂರನೇ ಸುತ್ತಿನಲ್ಲಿ
ಶಾಖ ಹೆಚ್ಚಾಗಿ ತಗಡು ಸುಕ್ಕಿದೆ, ಆರಿದ ಗಂಜಿಯ ಕೆನೆಯ ಹಾಗೆ.
"ಯಾವನೋ ಅವಸರದವನು" ಅಂದೆ.
ಅವತ್ತಿನಿಂದ ನನಗೂ ಹಿಡಿಯಿತು.

ನಾಲ್ಕನೆಯದು ನಿಂತಲ್ಲೇ ಬಿರಿಯಿತು,
ಹಿಮದಂಥ ದ್ರವ ತುಂಬಿ ಒತ್ತಡ ನೋಡುತ್ತಿದ್ದಾಗ.
ಐದನೆಯದರ ತಲೆ ಹಾರಿ ಜೌಗಿನಲ್ಲಿ ಬಿತ್ತು.
ಆರನೆಯದನ್ನು ಅವರೇ ಕಡಿದು ಗುಜರಿ ಮಾಡಿದರು.
ಪ್ರತಿ ಸಲವೂ ಚಪ್ಪಾಳೆ ತಟ್ಟಿದರು,
ಕಲಿತೆವು ಅಂದರು.
ನಮ್ಮ ಮಾಲೀಕ ರುದ್ರಾಚಾರ್ ಕೇಳಿ ನಕ್ಕ:
"ನೀನೊಂದು ಒಡೆದು ನೋಡು,
ಕಲಿಸೋದು ನಾನು ಕಲಿಸ್ತೀನಿ."

ಇಲ್ಲಿಯ ಪರೀಕ್ಷೆ ಸರಳ.
ಬಾಯಿ ಕಟ್ಟಿ ಗಾಳಿ ತುಂಬಿ
ಹೊಲಿಗೆಯ ಮೇಲೆ ಸೋಪಿನ ನೀರು ಬಳಿಯುವುದು.
ಗುಳ್ಳೆ ಎದ್ದಲ್ಲಿ ಸೀಮೆಸುಣ್ಣದ ಗುರುತು.
ಎದ್ದ ಕಡೆಯೆಲ್ಲ ನನ್ನ ಹೆಸರಿರುತ್ತದೆ,
ಏಳದ ಕಡೆ ಯಾರ ಹೆಸರೂ ಇಲ್ಲ.

ರಾತ್ರಿ ಎರಡಕ್ಕೆ ಎದ್ದು ಕೂತದ್ದಿದೆ, ಕರೆಂಟಿಲ್ಲದೆ,
ಒಂದೇ ಫೋನಿನ ಬೆಳಕಿಗೆ ಇಬ್ಬರ ಮೂಗು.
ಎಣಿಕೆ ಇಳಿದಿಳಿದು ನಲವತ್ತಕ್ಕೆ ನಿಂತಿತು.
ಗಾಳಿ ಜಾಸ್ತಿಯಂತೆ. ಯಾವುದೋ ವಾಲ್ವಂತೆ.
ಮರುದಿನ, ಕಡಲಲ್ಲಿ ಯಾರದೋ ದೋಣಿ ಅಡ್ಡ ಬಂತಂತೆ.
ನಲವತ್ತು ಸೆಕೆಂಡಿಗೆ ನಾನು ನಾಲ್ಕಿಂಚು ಬೆಸೆಯುತ್ತೇನೆ.
ಆ ನಾಲ್ಕಿಂಚಿನ ಮುಂದೆ ಮೂರು ರಾತ್ರಿ ಕಾದೆವು.

ಒಂಬತ್ತನೆಯದು ಹಾರುವ ದಿನ ನನಗೆ ಕಣ್ಣಿರಲಿಲ್ಲ.
ಸಂಜೆ ಕಾಕಂಬಿ ಟ್ಯಾಂಕಿನೊಳಗೆ ಕೂತು
ಒಂದೇ ಒಂದು ಚುಕ್ಕಿ ತಾನೆ ಅಂತ ಗ್ಲಾಸು ಎತ್ತಿದ್ದೆ.
ಮಧ್ಯರಾತ್ರಿಗೆ ರೆಪ್ಪೆಯೊಳಗೆ ತುಂಗೆಯ ಮರಳೆಲ್ಲ.
ಆಲೂಗಡ್ಡೆ ಬಿಲ್ಲೆ ಕಣ್ಣಿಗೆ ಕಟ್ಟಿ
ಶೆಡ್ಡಿನಲ್ಲೇ ಬಿದ್ದುಕೊಂಡಿದ್ದೆ.
"ನಾನು ಹೇಳ್ತೀನಿ ಬಿಡಣ್ಣ" ಅಂದ.

"ಹೊಗೆ. ಬರೀ ಹೊಗೆ. ಬುಡದಲ್ಲಿ ಬೆಂಕಿ.
ಎದ್ದಿಲ್ಲ. ಎದ್ದಿಲ್ಲ. ಹಾಂ, ಎದ್ದಿತು,
ಮಂಡಿನೋವಿನವರು ಏಳ್ತಾರಲ್ಲ, ಹಂಗೆ.
ಸದ್ದು ಕೇಳ್ತಾ? ನಮ್ಮ ತ್ಯಾವರೆಕೊಪ್ಪದಲ್ಲಿ
ಬೆಳಗಿನ ಜಾವ ಸಫಾರಿ ಸಿಂಹ ಕೂಗಿದ್ರೆ
ಮನೆ ತಗಡು ನಡುಗುತ್ತೆ, ಅದೇ ಸದ್ದು."
ಫೋನಿನ ಪುಟ್ಟ ಬಾಯಲ್ಲಿ ಅದು
ಜೀರುಂಡೆಯಷ್ಟು. ಆದರೂ ಕೇಳಿತು.
"ಮೇಲೆ. ಇನ್ನೂ ಮೇಲೆ. ನಿಂತೇಬಿಡ್ತು ಅಣ್ಣ,
ಗಾಳಿಯಲ್ಲಿ, ಹಗ್ಗ ಇಲ್ಲ ಏನಿಲ್ಲ.
ಇಳೀತಿದೆ. ವಾಲ್ತು. ಇಲ್ಲ, ಸರಿಹೋಯ್ತು.
ಕಾಲು ಬಿಡ್ತು. ನೆಲ. ನೆಲ!"

ಆಮೇಲೆ ಅವನು ಮಾತಾಡಲಿಲ್ಲ.
ಅಲ್ಲಿ ಜನ ಕೂಗುತ್ತಿದ್ದರು. ಹಿಗ್ಗಿನದೋ, ಗಾಬರಿಯದೋ,
ಕಣ್ಣು ಕಟ್ಟಿದವನಿಗೆ ಎರಡೂ ಒಂದೇ ಭಾಷೆ.
"ಏನಾಯ್ತೋ?"
"ನಿಂತಿದೆ." ತಡೆದು,
"ಸ್ವಲ್ಪ ಬೆಂಕಿ ಇದೆ. ನೀರು ಹೊಡೀತಿದಾರೆ."
"ಎಲ್ಲಿ?"
"ಮೂರನೇ ಸುತ್ತಿನ ಹತ್ರ."
ನಿಜ ಹೇಳಿದನೋ, ನನ್ನ ಮಾತು ನಿಲ್ಲಿಸಲು ಹೇಳಿದನೋ.
ಆರಿತಾ ಅಂತ ನಾನು ಕೇಳಲಿಲ್ಲ.

ಆ ವಿಡಿಯೋ ಇನ್ನೂ ನೋಡಿಲ್ಲ.

ಎರಡು ದಿನ ಬಿಟ್ಟು ಕಾಕಂಬಿ ಟ್ಯಾಂಕಿಗೆ ಗಾಳಿ ತುಂಬಿದರು.
ಸೋಪಿನ ನೀರು ಬಳಿದ ತಬ್ರೇಜ್.
ನಾನು ಗ್ಲಾಸು ಎತ್ತಿ ಇಟ್ಟ ಆ ಚುಕ್ಕಿಯ ಮೇಲೆ
ಸಾಸಿವೆಯಷ್ಟು ಒಂದು ಗುಳ್ಳೆ,
ಬೆಳೆದು, ಕಾಮನಬಿಲ್ಲು ತಿರುಗಿಸಿ, ಒಡೆಯಿತು.
ಅವನು ಸೀಮೆಸುಣ್ಣ ತೆಗೆದ. ಗುಣಾಕಾರದ ಗುರುತು ಹಾಕಲಿಲ್ಲ,
೯ ಅಂತ ಬರೆದ.

ಮಾಲೀಕ ನೋಡುವ ಮುಂಚೆ
ಗ್ರೈಂಡರ್ ಇಸಕೊಂಡೆ.
ಈ ಸಲ ಗ್ಲಾಸು ಇಳಿಸಿದೆ.