ಅತ್ತಿಗೆಯ ತಿಪ್ಪೆ

ಲಾಮಾಗಳಿಗೊಂದು ಶಿಸ್ತಿದೆ.
ಇಡೀ ಬಯಲು ತಮ್ಮದೇ ಆದರೂ
ಒಂದೇ ಜಾಗಕ್ಕೆ ಬಂದು, ಸರದಿ ನಿಂತು
ಹಿಕ್ಕೆ ಹಾಕಿ ಹೋಗುತ್ತವೆ.
ನಮ್ಮ ಹಾಂಕೋ ಪಂಪಾದ ಊರಸಭೆಯಲ್ಲೂ
ಇಷ್ಟು ಶಿಸ್ತು ನಾನು ಕಂಡಿಲ್ಲ.

ಅರವತ್ತೆರಡು ಇದ್ದವು ನನ್ನವು.
ಕಿನೋವಾಗೆ ಬಂಗಾರದ ಬೆಲೆ ಬಂದ ವರ್ಷ
ಒಂದೇ ಸಂತೆಯಲ್ಲಿ ಮಾರಿದೆ,
ಕಿವಿಗೆ ಕಟ್ಟಿದ ಕೆಂಪು ಉಣ್ಣೆಯ ಗೊಂಡೆ ಸಮೇತ.
ಟ್ರಾಕ್ಟರ್ ಬಂತು. ನೀಲಿ ಬಣ್ಣದ್ದು.
ತುನುಪ ಬೆಟ್ಟದ ಓರೆಯಿಂದ ಉಪ್ಪುಬಯಲ ಅಂಚಿನವರೆಗೆ
ತೋಲಾ ಪೊದೆಗಳ ಬೇರು ಮೇಲೆ ಮಾಡಿ
ಉತ್ತೆ, ಉತ್ತೆ, ಮತ್ತೂ ಉತ್ತೆ.
ಅತ್ತಿಗೆ ಎಲಿಯೋದೋರಾ ಮಾತ್ರ
ತನ್ನ ಹದಿನಾಲ್ಕನ್ನು ಬಿಡಲಿಲ್ಲ.
"ಹಿಕ್ಕೆ ಎಣಿಸುತ್ತಾ ಕೂತಿರು" ಎಂದು
ಅಣ್ಣನ ಎದುರಿಗೇ ನಕ್ಕಿದ್ದೆ.
ಅಣ್ಣನೂ ನಕ್ಕ.
ಅವಳು ನಗಲಿಲ್ಲ. ಎಣಿಸಲೂ ಇಲ್ಲ.

ಮೂರು ವರ್ಷ ಬೆಳೆ.
ನಾಲ್ಕನೆಯ ವರ್ಷ ಗಾಳಿ.
ಆಗಸ್ಟ್ ತಿಂಗಳಲ್ಲಿ ನನ್ನ ಹೊಲ ಎದ್ದು ನಿಂತು
ರೈಲುಹಳಿ ದಾಟಿ ನಡೆದುಹೋದದ್ದನ್ನು
ಬಾಗಿಲಲ್ಲಿ ನಿಂತು ನೋಡಿದೆ.
ಉಳಿದದ್ದು ಮರಳು, ಜರಡಿಯ ತೌಡಿಗಿಂತ ಕಡೆ.
ಚೀಲದ ಗೊಬ್ಬರ ತಂದು ಎರಚಿದೆ,
ಸತ್ತವನ ಬಾಯಿಗೆ ಸಕ್ಕರೆ ಹಾಕಿದ ಹಾಗೆ.

ಉಪ್ಪು ತಿಂದವ ನೀರು ಕುಡಿಯಲೇಬೇಕು
ಎಂದು ಉಪ್ಪುಬಯಲ ದಡದಲ್ಲಿ ಹುಟ್ಟಿದವನಿಗೆ
ಯಾರೂ ಹೇಳಿಕೊಡಬೇಕಿಲ್ಲ.
ಖಾಲಿ ಗೋಣಿ ಮಡಚಿ ಕಂಕುಳಲ್ಲಿಟ್ಟು
ಅತ್ತಿಗೆಯ ಕಲ್ಲುಗೋಡೆಯ ಮುಂದೆ ನಿಂತೆ.
"ಗೊಬ್ಬರ," ಎಂದೆ. ಇನ್ನೇನೂ ಬಾಯಿಗೆ ಬರಲಿಲ್ಲ.
"ಎಣಿಸಿ ಕೊಡಲೋ, ಅಳೆದು ಕೊಡಲೋ?" ಎಂದಳು.

ದುಡ್ಡು ಮುಟ್ಟಲಿಲ್ಲ. ಕೆಲಸ ಹೇಳಿದಳು.
ವರ್ಷಗಟ್ಟಲೆ ತುಳಿದು ಹಲಗೆಯಾದ ಹಿಕ್ಕೆಯನ್ನು
ಗುದ್ದಲಿಯಲ್ಲಿ ಎಬ್ಬಿಸು. ಪುಡಿ ಮಾಡು.
ಮೇಲೊಂದು ಪದರ ಕಿನೋವಾ ಹೊಟ್ಟು.
ಚಿಚಾ ಹಂಡೆಯ ಗಷ್ಟು, ಕರಿಬೆಲ್ಲದ ನೀರು.
"ಇದು ಬರೀ ಅಡುಗೆ ಮೈದುನ,
ಉಣ್ಣುವವರು ಬೇಕಲ್ಲ? ಹೆಪ್ಪು ತಾ."
"ಎಲ್ಲಿಂದ?"
"ತೋಲಾ ಪೊದೆಯ ಬುಡದಿಂದ.
ಬೇರಿಗೆ ಬಿಳಿ ಬೂಷ್ಟು ಹಿಡಿದಿರಬೇಕು,
ಮೂಸಿದರೆ ಮಳೆ ನೆನಪಾಗಬೇಕು.
ಒಂದು ಟೋಪಿ ತುಂಬ ಸಾಕು."

ಟೋಪಿ ಹಿಡಿದು ಮಧ್ಯಾಹ್ನದವರೆಗೆ ನಡೆದೆ,
ನಾನೇ ಉತ್ತದ್ದರ ಮೇಲೆ.
ಒಂದು ಪೊದೆ ಇಲ್ಲ.
ಕೊನೆಗೆ ಸಿಕ್ಕಿತು, ಸ್ಮಶಾನದ ಗೋಡೆಯೊಳಗೆ,
ಟ್ರಾಕ್ಟರ್ ನುಗ್ಗದ ಒಂದೇ ಒಂದು ಜಾಗದಲ್ಲಿ,
ಅಣ್ಣ ಸಿಪ್ರಿಯಾನೋನ ಶಿಲುಬೆಗೆ ಒರಗಿ.

ಅವಳಿಗೆ ಗೊತ್ತಿತ್ತು.

ಮೊಣಕಾಲೂರಿ ಬೆರಳಲ್ಲೇ ಕೆದಕಿದೆ.
ಕರಿ ಮಣ್ಣು, ತೇವ, ನಡುವೆ ಬಿಳಿ ಎಳೆಗಳು,
ಕೂಸಿನ ನೆತ್ತಿಗೂದಲಿನಷ್ಟು ನವಿರು.
ಕೇಳಬೇಕಾದದ್ದು ಕ್ಷಮೆ.
"ಒಂದು ಟೋಪಿ ಅಷ್ಟೇ," ಎಂದೆ.

ಹನ್ನೊಂದನೆಯ ರಾತ್ರಿ ಬಕೆಟ್ಟಿನ ನೀರು ಕಲ್ಲಾಗಿತ್ತು.
ಅತ್ತಿಗೆ ನನ್ನ ಮಣಿಕಟ್ಟು ಹಿಡಿದು
ಮೊಣಕೈವರೆಗೆ ತಿಪ್ಪೆಯೊಳಗೆ ತುರುಕಿದಳು.
ಬಿಸಿ. ಕೈ ಹಿಂದೆಗೆಯುವಷ್ಟು ಬಿಸಿ.
ಕಣ್ಣಿಗೆ ಕಾಣದ ಕೋಟಿ ಜನ ಯಾರೋ
ಒಳಗೆ ಒಲೆ ಹಚ್ಚಿ ಉಂಡು, ಹೆತ್ತು, ಸತ್ತು,
ಸತ್ತವರನ್ನೂ ಉಣ್ಣುತ್ತಿದ್ದರು.
ಏಳುವ ಆವಿಯಲ್ಲಿ ಅವಳ ಮುಖ ಕಾಣಲಿಲ್ಲ.
"ಹೆಪ್ಪು ಹಿಡಿದಿದೆ," ಎಂದಳು.

ಬಿತ್ತಿದ್ದು ಕಾಲು ಹೊಲ. ಕೈಗೆ ಬಂದದ್ದು ಅದರಲ್ಲಿ ಅರ್ಧ.
ಆದರೆ ಈ ಆಗಸ್ಟಿನ ಗಾಳಿಗೆ
ಅಷ್ಟಗಲದ ಮಣ್ಣು ಮಾತ್ರ ಕೂತೇ ಇತ್ತು,
ಎಷ್ಟು ಕರೆದರೂ ಏಳದ ಅಜ್ಜಿಯ ಹಾಗೆ.

ಟ್ರಾಕ್ಟರ್ ಗೋಡೆ ಬದಿ ನಿಂತಿದೆ;
ಸೀಟಿನ ಸ್ಪಂಜಿನಲ್ಲಿ ಇಲಿ ಮರಿ ಹಾಕಿದೆ.
ಅತ್ತಿಗೆ ಒಂದು ಹೆಣ್ಣು ಲಾಮಾ ಕೊಟ್ಟಿದ್ದಾಳೆ, ಕಡವಾಗಿ.
ಮೂರು ದಿನದಿಂದ ಅದು ನನ್ನ ಹೊಲವನ್ನು
ಮೂಸುತ್ತಾ ಸುತ್ತುತ್ತಿದೆ,
ಜಾಗ ಇನ್ನೂ ಗೊತ್ತುಮಾಡಿಲ್ಲ.
ನಾನು ದೂರ ಕೂತಿದ್ದೇನೆ,
ಕೆಮ್ಮು ಬಂದರೂ ಕೆಮ್ಮದೆ.