ಗಾಳಿ ತುಂಬೂಕಿಂತ ಮೊದಲ

ಕೆಳಗ ಇಡು ಅದನ್ನ, ನೇಮೂ. ಮೇಜಿನ ಮ್ಯಾಲೆ ಬ್ಯಾಡ,
ಅಲ್ಲೆ ನನ್ನ ಚಾ ಐತಿ. ಗೋಣಿ ಹಾಸಿ ಇಡು.
ಯಾವ ಗುಜರಿಯೊಳಗ ಸಿಕ್ತು? ಎಷ್ಟ ಕೊಟ್ಟಿ?
ಹೋಗ್ಲಿ, ಹೇಳಬ್ಯಾಡ. ಕೊಟ್ಟಾತಲ್ಲ.

ಬಟ್ಟ ಹಚ್ಚು. ಈ ಗಾಲಿ ತಿರುವು.
ಆಡತೈತಿ ನೋಡು ಅತ್ತಾಗ ಇತ್ತಾಗ, ಕೂದಲೆಳಿಯಷ್ಟ.
ಕೂದಲೆಳಿ ಅಂದ್ರ ನಿನಗ ಸಣ್ಣದು.
ನಿಮಿಷಕ್ಕ ಲಕ್ಷ ಸುತ್ತ ತಿರಗೂದಕ್ಕ
ಅದು ಒಂದ ಓಣಿಯಷ್ಟ ಅಗಲ.

ಟರ್ಬೋ ಅಂದ್ರ ನೀ ಕುದರಿ ಅಂತಿ, ಸೀಟಿ ಅಂತಿ.
ತಪ್ಪಲ್ಲ. ಆದ್ರ ಅದು ಉಸರ, ಹುಡುಗಾ.
ಇಂಜಿನ್ನು ಬ್ಯಾಡಂತ ಹೊರಗ ಬಿಟ್ಟ ಬಿಸಿ ಉಸರಿಗೆ
ಒಂದ ಗಾಲಿ ತಿರಗತೈತಿ,
ಅದರ ಬೆನ್ನಿಗಿ ಇನ್ನೊಂದು,
ಅದು ಹೊಸ ಗಾಳಿ ತಂದು ಎದಿಯೊಳಗ ತುರುಕತೈತಿ.
ಎದಿ ಗಟ್ಟಿ ಇದ್ರ ಹಾಡತೈತಿ.
ಇಲ್ಲಂದ್ರ, ಆ ಕಪಾಟಿನ್ಯಾಗ ನೋಡು,
ನಡುವ ಕರಗಿ ತೂತ ಬಿದ್ದ ಪಿಸ್ಟನ್.
ಚೌಗಲೆಯವರ ಬಲೆನೋದ್ದು, ವಂಟಮೂರಿ ಘಾಟಿನ್ಯಾಗ ಸತ್ತದ್ದು.
ಈಗ ಅದರಾಗ ಪೆನ್ನ ಇಡ್ತೀನಿ.

ಮೊದಲ ಬ್ರೇಕ.
ನಗು. ಓಡೂದ ಕಲಸ್ರಿ ಅಂತ ಬಂದವಗ
ನಿಂದರೂದ ಹೇಳಿದ್ರ ಎಲ್ಲಾರೂ ನಗತಾರ.
ಮೂರನೇ ಗೇಟ ಬಿದ್ದಿರತೈತಿ, ಮುಂದ ಕಬ್ಬಿನ ಟ್ರ್ಯಾಕ್ಟರು,
ಹಿಂದಿನ ಟ್ರೇಲಿಗೆ ಕೆಂಪ ದೀಪ ಇರೂದಿಲ್ಲ,
ನಿನ್ನ ಹೊಸ ಕುದರಿಗೋಳೆಲ್ಲ
ಹಳೇ ಎಸ್ಟೀಮಿನ ಸವದ ಪ್ಯಾಡಿನ ಮ್ಯಾಲೆ ಬಂದ ನಿಲ್ಲಬೇಕು.
ನಿಮ್ಮಕ್ಕ ಪಿರಣವಾಡಿ ಶಾಲಿಗೆ
ಇದ ಗಾಡಿ ಒಯ್ತಾಳಲ್ಲ? ಅಕಿಗೆ ಹೇಳಿಯೇನು?
ಹೇಳಿಲ್ಲ. ಮಾರಿ ನೋಡಿದ್ರ ಗೊತ್ತಾಗತೈತಿ.

ಆಮ್ಯಾಲೆ ಪ್ಲಗ್ ಬಿಚ್ಚಿ ಗೇಜ ಹಚ್ಚು.
ನಾಕೂ ಸಿಲಿಂಡರಿನ ಕಂಪ್ರೆಷನ್ ಬರಕೋ, ತಾರೀಖ ಹಾಕಿ.
ಮೂರು ಒಂದ ನಮೂನಿ, ಒಂದ ಸೊರಗಿದ್ರ
ಅಲ್ಲೇ ನಿಲ್ಲು.
ಸೊರಗಿದವಗ ಮೂಟಿ ಹೊರಸಬಾರದು.

ಹೋದ ಶ್ರಾವಣದಾಗ ಡಾಕ್ಟರು ನನಗೂ ಇದ ಮಾಡಿಸಿದ್ರು.
ಕೊಳವಿ ಬಾಯಾಗ ಕೊಟ್ಟು
ಊದರಿ ಮೀರಾಸಾಬ್ರ, ಇನ್ನೂ ಜೋರ ಊದರಿ ಅಂದ್ರು.
ಲೇಥಿಗೆ ಬರೂಕಿಂತ ಮೊದಲ ಇಪ್ಪತ್ತೆರಡ ವರ್ಷ
ಫೌಂಡ್ರಿಯೊಳಗ ಮರಳ ಜರಡಿ ಹಿಡದ ಎದಿ.
ಮುಳ್ಳ ಎದ್ದು, ಅರ್ಧಕ್ಕ ನಿಂತು, ಇಳೀತು.
ರಿಂಗ ಸವದಾವರೀ ಅಂದೆ.
ಅವರು ನಗಲಿಲ್ಲ, ಬರಕೊಂಡ್ರು.

ಇರ್ಲಿ, ನಿನ್ನ ಗಾಡಿ ಮಾತ.
ಬೂಸ್ಟ್ ಐದ ಪೌಂಡ ಸಾಕು, ಒಂದ ವರ್ಷ.
ಗೆಳ್ಯಾ ಹನ್ನೆರಡ ಇಟ್ಟಾನ ಅಂದ್ರ ಇಟ್ಟಿರಲಿ.
ಗಾಳಿ ಹೆಚ್ಚಾದ್ರ ಪೆಟ್ರೋಲೂ ಹೆಚ್ಚ ಬೇಕು,
ರೊಟ್ಟಿ ಹೆಚ್ಚಾದ್ರ ಪಲ್ಯೆ ಬೇಕಾದಂಗ;
ಪಲ್ಯೆ ಇಲ್ಲದ ಊಟಕ್ಕ ಇಂಜಿನ್ನು ತನ್ನ ಮೈ ತಾನ ತಿಂತೈತಿ.
ಹಾಡ ಬಂದ ಮಾಡಿ ಓಡಿಸು.
ಡಬ್ಬಿಯೊಳಗ ಕಡ್ಲಿ ಅಲಗ್ಯಾಡಿಸಿದಂಗ ಸಪ್ಪಳ ಕೇಳಿತಂದ್ರ
ಕಾಲ ತಗಿ. ಆಮ್ಯಾಲೆ ವಿಚಾರ ಮಾಡು.

ಮತ್ತ ಇದ ಮರೀತಾರ, ಶಾಣ್ಯಾರೂ ಮರೀತಾರ:
ಓಡಿ ಬಂದ ಕೂಡಲೆ ಕೀಲಿ ತಿರುವಬ್ಯಾಡ.
ಒಳಗ ಗಾಲಿ ಕೆಂಡ ಆಗಿರತೈತಿ.
ಒಂದೆರಡ ನಿಮಿಷ ಹಂಗ ಬಿಡು, ಎಣ್ಣಿ ಹರದಾಡ್ಲಿ.
ಸೀಟಿನ್ಯಾಗ ಸುಮ್ಮನ ಕುಂತಿರು.
ಖಾನಾಪುರದ ಕಡಿಂದ ಬರೂ ರೈಲ ಕೇಳು.
ನಾನೂ ಈಗ ಮ್ಯಾಳಿಗಿ ಏರಿ ಬಂದ್ರ
ಬಾಗಲಾ ಹಿಡಕೊಂಡ ನಿಂದರ್ತೀನಿ,
ಮಗಳು ಏನಾತಪ್ಪಾ ಅಂತಾಳ,
ಕೈ ಸನ್ನಿ ಮಾಡ್ತೀನಿ: ತಡಿ.

ಹೋಗು, ಪ್ಯಾಡ ತಗೊಂಡ ಬಾ. ಪಾವತಿ ಇಸಗೋ.
ಇದು ಇಲ್ಲೇ ಇರ್ಲಿ, ಬೇರಿಂಗ ನಾ ನೋಡ್ತೀನಿ.
ಹೋಗೂ ಮುಂದ ಅದರ ಬಾಯಿಗಿ
ಒಂದ ಅರಿವಿ ಕಟ್ಟು, ಬಿಗಿ ಕಟ್ಟು.
ಉದ್ಯಮಬಾಗಿನ ಗಾಳಿ ಇದು,
ಕಣ್ಣಿಗಿ ಕಾಣೂದಿಲ್ಲ ಮರಳ.