ಕರೆಯದೆ ಎದ್ದದ್ದು

ಕರೆಂಟು ಹೋಗಿರಲಿಲ್ಲ.
ಬೀದಿ ದೀಪ ಉರಿಯುತ್ತಿತ್ತು, ಫ್ಯಾನು ತಿರುಗುತ್ತಿತ್ತು,
ಆದರೂ ಬೆಳಗಿನ ಜಾವ ನಾಲ್ಕು ಹತ್ತಕ್ಕೆ
ಹಿತ್ತಲಿನ ಜನರೇಟರ್ ಕೆಮ್ಮಿ, ಕ್ಯಾಕರಿಸಿ,
ತಾನೇ ಎದ್ದು ಓಡತೊಡಗಿತಂತೆ.
'ಈ ವಾರ ಇದು ಮೂರನೇ ಸಲ ಕಣೋ,' ಫೋನಿನಲ್ಲಿ
ವಿನೋಬನಗರದ ಸೆಲಿನ್ ಬಾಯಿ,
'ಪಕ್ಕದ ಮನೆಯವರು ನಿಂಬೆಹಣ್ಣು ಕೊಯ್ದಿಡಿ ಅಂತಾರೆ.
ನಾನು ನಿನಗೆ ಹಚ್ಚಿದೆ.'

ಹೋಗಿ ನೋಡಿದರೆ ಯಂತ್ರದ್ದೇನೂ ತಪ್ಪಿಲ್ಲ.
ಬ್ಯಾಟರಿ ಹನ್ನೆರಡೂವರೆ, ಎಣ್ಣೆ ಗೆರೆಗೆ ಸರಿಯಾಗಿದೆ.
ಅದು ಎದ್ದದ್ದು ಯಾರೋ ಎಬ್ಬಿಸಿದ್ದಕ್ಕೆ.
ಎಬ್ಬಿಸುವುದು ಮೀಟರಿನ ಪಕ್ಕದ ಪೆಟ್ಟಿಗೆ;
ಅಲ್ಲಿಂದ ಹಿತ್ತಲಿಗೆ ಹದಿನೆಂಟು ಮೀಟರ್
ಎರಡೇ ಎಳೆ, ಒಂದು ಹಳದಿ, ಒಂದು ಬೂದು,
ಮಲ್ಲಿಗೆ ಕಟ್ಟುವ ಬಾಳೆನಾರಿನಷ್ಟು ಸಪೂರ.
ದೀಪ, ಫ್ರಿಜ್ಜು, ಮುನ್ನೂರು ಗೌಜಲಕ್ಕಿ ಮೊಟ್ಟೆಯ ಕಾವುಪೆಟ್ಟಿಗೆ,
ಯಾವುದರ ಭಾರವೂ ಇವುಗಳ ಮೇಲಿಲ್ಲ.
ಹೊರುವುದು ಒಂದೇ ಮಾತು: 'ಹೋಯ್ತು, ಏಳು.'
ಆಮೇಲೆ, 'ಬಂತು, ಮಲಗು.'

ಭದ್ರಾವತಿಯ ಮಸ್ತಾನ್ ಸಾಬರು
ಏಣಿಯ ಮೇಲಿಂದ ಬೀಡಿ ಕಚ್ಚಿಕೊಂಡೇ ಹೇಳುತ್ತಿದ್ದರು:
'ದಪ್ಪ ತಂತಿ ತಪ್ಪಿದರೆ ಹೊಡೆಯುತ್ತೆ, ಅಲ್ಲೇ ಗೊತ್ತಾಗುತ್ತೆ.
ಸಣ್ಣದು ತಪ್ಪಿದರೆ ಸುಳ್ಳು ಹೇಳುತ್ತೆ.
ಸುಳ್ಳು ಹುಡುಕೋಕೆ ಇಡೀ ದಿನ ಬೇಕು. ಕೂಲಿ ಅಷ್ಟೇ.'

ಎರಡೂ ತುದಿ ಬಿಚ್ಚಿದೆ. ಯಾವುದಕ್ಕೂ ತಗುಲದ ತಂತಿ,
ಮೀಟರ್ ಇಟ್ಟರೆ ನಲವತ್ತೊಂದು ವೋಲ್ಟ್.
ಸಣ್ಣ ಬಲ್ಬು ಕಟ್ಟಿದೆ, ಸೊನ್ನೆ.
ಬಿಚ್ಚಿದೆ, ಮತ್ತೆ ನಲವತ್ತೊಂದು.
ಇದೆ ಅಂದರೆ ಇದೆ, ಕೆಲಸ ಹೇಳಿದರೆ ಇಲ್ಲ;
ನಮ್ಮ ಚಿಕ್ಕಪ್ಪನ ಹಾಗೆ.

'ನಾಲ್ಕು ಗಂಟೆಗೆ ಎದ್ದು ಏನು ಮಾಡ್ತೀರಿ ಬಾಯಿ?'
'ನಲ್ಲಿ ನೀರು ಬರುತ್ತಲ್ಲ, ಸಂಪಿನ ಮೋಟರ್ ಹಾಕ್ತೀನಿ.
ಹೋದ ತಿಂಗಳು ತಂದದ್ದು, ಒಂದೂವರೆ ಎಚ್‌ಪಿ.'
ತುದಿ ಮತ್ತೆ ಸಿಕ್ಕಿಸಿ, ಹಾಕಿ ಅಂದೆ.
ಮೋಟರ್ ಗುಂಯ್ ಅಂದದ್ದೇ ತಡ
ಹಿತ್ತಲಲ್ಲಿ ಟಕ್, ಆಮೇಲೆ ಕೆಮ್ಮು.

ಗೋಡೆಯ ಪೈಪಿನ ಮುಚ್ಚಳ ತೆಗೆದೆ.
ಒಂದೇ ಪೈಪಿನಲ್ಲಿ ಮೋಟರಿನ ದಪ್ಪ ತಂತಿ,
ಅದರ ಬೆನ್ನಿಗಂಟಿ ಉದ್ದಕ್ಕೂ ಹಳದಿ, ಬೂದು.
ಪಕ್ಕದವನ ಕೂಗನ್ನು ತನಗೆ ಹೇಳಿದ್ದೆಂದು
ತಿಳಿದುಬಿಟ್ಟಿದೆ ಪಾಪ.
ಯಾವ ಬೇಕೂಫ ಎಳೆದದ್ದು ಇದನ್ನ, ಅನ್ನಲು ಬಾಯಿ ತೆರೆದೆ;
ಆಗ ಕಂಡಿತು ಜೋಡಣೆಯ ಮೇಲಿನ ಟೇಪು:
ಹಸಿರು, ಎರಡು ಸುತ್ತು, ಕೊನೆಗೊಂದು ಮಡಿಸಿದ ಕಿವಿ,
ಮುಂದೆ ಬಿಚ್ಚುವವನ ಉಗುರಿಗೆ ಸಿಗಲಿ ಅಂತ.
ಈ ಊರಲ್ಲಿ ಆ ಕಿವಿ ಮಡಿಸುವವನು ನಾನೊಬ್ಬನೇ.

ಎರಡು ವರ್ಷದ ಹಿಂದೆ. ಸಂಜೆಯಾಗಿತ್ತು.
ಇನ್ನೊಂದು ಪೈಪಿಗೆ ಗೋಡೆ ಕೊರೆಯಬೇಕಿತ್ತು,
ಡ್ರಿಲ್ಲು ಗೋಪಾಳದ ಸೈಟಿನಲ್ಲಿ.
ಹನ್ನೆರಡು ವೋಲ್ಟ್ ತಾನೆ, ಯಾರನ್ನು ಸಾಯಿಸುತ್ತೆ,
ಅಂದುಕೊಂಡಿದ್ದೆ.

'ಬಾಯಿ, ಇದು ನನ್ನದೇ ಕೈ.'
ಮೊಟ್ಟೆ ಹೊರಳಿಸುತ್ತಿದ್ದವರು ತಿರುಗಿ ನೋಡಲಿಲ್ಲ.
'ಬಿಲ್ಲು ಇಟ್ಟಿದೀನಿ ಕಣೋ, ಗೊತ್ತಿದ್ದೇ ಕರೆದದ್ದು.
ಬೇರೆಯವನು ಬಂದರೆ ನಿನ್ನನ್ನು ಬೈತಾ ಕೂರ್ತಾನೆ.
ಅಷ್ಟರಲ್ಲಿ ಇವು ತಣ್ಣಗಾಗ್ತವೆ.'

ದುರ್ಗಿಗುಡಿಗೆ ಹೋಗಿ ಕವಚದ ತಂತಿ ತಂದೆ.
ಬೇರೆ ಪೈಪು, ಒಂದಡಿ ದೂರ;
ದಪ್ಪದ್ದನ್ನು ದಾಟಲೇಬೇಕಾದಲ್ಲಿ ಅಡ್ಡಕ್ಕೆ ದಾಟಿಸಿದೆ,
ಜೊತೆಗೆ ನಡೆಯಲು ಬಿಡಲಿಲ್ಲ.
ಕವಚಕ್ಕೆ ಒಂದೇ ತುದಿಯಲ್ಲಿ ಅರ್ತು.
ಎರಡೂ ಕಡೆ ಕೊಟ್ಟರೆ ಕಾಯುವುದೇ ಇನ್ನೊಂದು ದಾರಿಯಾಗುತ್ತೆ.
ಟೇಪು ಸುತ್ತಿ, ಒಂದು ಗಳಿಗೆ ಯೋಚಿಸಿ,
ಕಿವಿ ಮಡಿಸಿದೆ.

ಮೇನ್ ಇಳಿಸಿದೆ. ಎಂಟು ಎಣಿಸುವಷ್ಟರಲ್ಲಿ ಎದ್ದಿತು.
ಏರಿಸಿದೆ. ತುಸು ಹೊತ್ತು ಓಡಿ ಮಲಗಿತು.
ಆಮೇಲೆ ಮೋಟರ್ ಹಾಕಿದೆವು.
ಹಿತ್ತಲಲ್ಲಿ ಏನೂ ಆಗಲಿಲ್ಲ.
ಆ ಏನೂ ಆಗದ್ದನ್ನು ಇಬ್ಬರೂ
ಸಂಪು ತುಂಬುವವರೆಗೆ ನಿಂತು ಕೇಳಿದೆವು.

ಕೂಲಿ ಬೇಡ ಅಂದೆ. ಹನ್ನೆರಡು ಮೊಟ್ಟೆ ಕೊಟ್ಟರು, ಮರಿಯಾಗದವು.
ಸ್ಕೂಟರಿನ ಹಿಂದೆ ಒಂದು ಬದಿಗೆ ಡ್ರಿಲ್ಲು,
ಇನ್ನೊಂದು ಬದಿಗೆ ಮೊಟ್ಟೆ
ಇಟ್ಟುಕೊಂಡು ಹೊರಟೆ.